ಪ್ರಮಾಣಪತ್ರಕ್ಕಿಂತ ಮೊದಲು ಒಂದು ವರದಿ

ವೈಟ್‌ಫೀಲ್ಡ್‌ನಲ್ಲೋ ಎಲೆಕ್ಟ್ರಾನಿಕ್ ಸಿಟಿಯಲ್ಲೋ ದಿನವಿಡೀ ದುಡಿದು, ರಾತ್ರಿ ಪತ್ರಿಕೋದ್ಯಮದ ಆನ್‌ಲೈನ್ ಕೋರ್ಸಿಗೆ ಕೂರಬೇಕೆನ್ನುವ ನಿಮ್ಮ ಆಸೆ ದೊಡ್ಡದು. ಆದರೆ ‘ಕೆಲಸ ಗ್ಯಾರಂಟಿ’ ಎಂಬ ಜಾಹೀರಾತು ಕಂಡ ಕೂಡಲೇ ಫೀಸು ಕಟ್ಟಬೇಡಿ. ನಾನು ಬರೆದದ್ದನ್ನು ತಿದ್ದುವವರು ಯಾರು, ಅವರು ಸುದ್ದಿಮನೆಯಲ್ಲಿ ದುಡಿದವರೇ ಎಂದು ಮೊದಲು ಕೇಳಿ. ಉತ್ತರಕ್ಕೆ ತಡವರಿಸಿದರೆ ಹಣ ಜೇಬಿನಲ್ಲೇ ಇರಲಿ.

ವಿಡಿಯೊ ನೋಡಿ ಕಲಿಯುವಷ್ಟನ್ನು ಪುಕ್ಕಟೆ ಕಲಿಯಬಹುದು. ಕೇಂದ್ರ ಸರ್ಕಾರದ ‘ಸ್ವಯಂ’ ತಾಣದಲ್ಲಿ ಪಾಠಗಳಿಗೆ ಶುಲ್ಕವಿಲ್ಲ. ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವುದಾದರೆ ಮಾತ್ರ ಕಟ್ಟಬೇಕು. ಫೋಟೊ, ವಿಡಿಯೊಗಳ ಅಸಲಿತನ ಪರೀಕ್ಷಿಸುವುದನ್ನು ಗೂಗಲ್ ನ್ಯೂಸ್ ಇನಿಶಿಯೇಟಿವ್ ಉಚಿತವಾಗಿಯೇ ಹೇಳಿಕೊಡುತ್ತದೆ.

ಕೋರ್ಸಿನ ಮೇಲೆ ಕೋರ್ಸು ಮುಗಿಸಿಯೂ ಒಂದೂ ವರದಿ ಬರೆಯದೆ ಉಳಿಯುವವರಿದ್ದಾರೆ. ನೀವು ಹಾಗಾಗಬೇಡಿ. ಪೀಣ್ಯದ ಕಾರ್ಖಾನೆ ಬೀದಿಯ ಚರಂಡಿ, ವರ್ತೂರು ಕೆರೆಯ ನೀರು, ಏನಾದರೂ ಸರಿ, ಒಂದು ವಿಷಯ ಹಿಡಿಯಿರಿ. 10 ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಅಲ್ಲಿ ವಾಸಿಸುವವರನ್ನು ಮಾತಾಡಿಸಿ, 300 ಪದಗಳಲ್ಲಿ ಬರೆಯಿರಿ. ಸಂಪಾದಕರು ನೋಡಬಯಸುವುದು ಆ ಬರಹವನ್ನೇ. ಹಾಂ, ನಿಮ್ಮ ಕಂಪನಿಯ ಒಳಗಿನ ವಿಷಯ ಬರೆಯುವ ಮುನ್ನ, ಕೆಲಸಕ್ಕೆ ಸೇರುವಾಗ ಸಹಿ ಹಾಕಿದ ಒಪ್ಪಂದವನ್ನು ಒಮ್ಮೆ ತೆಗೆದು ಓದಿಕೊಳ್ಳಿ.