ದಾರಿಯಲ್ಲಿ ದೋಣಿಯ ಎಂಜಿನು

2020ರ ಅಕ್ಟೋಬರಿನಲ್ಲಿ ಭೀಮಾನದಿಯು ಉಕ್ಕಿದಾಗ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಜನರನ್ನು ದೋಣಿಗಳಲ್ಲಿ ಹೊರತಂದುದು ಹಲವರಿಗೆ ನೆನಪಿರಬಹುದು. ಹಿಂಬದಿಯ ಹಲಗೆಗೆ ಎಂಜಿನು ತಗುಲಿಸಿದ ದೋಣಿಯನ್ನು ಗಾಡಿಯ ಮೇಲಿಟ್ಟು ಎಳೆದೊಯ್ಯುವಾಗ ಆ ಹಲಗೆ ಬಿರಿದರೆ, ದೋಣಿ ನದಿಗೆ ತಲಪಿಯೂ ನಿರುಪಯೋಗಿ.

ಕೆಳತುದಿ ನೆಲಕ್ಕೆ ತಾಗದಂತೆ ನಾವು ಎಂಜಿನನ್ನು ಹಿಂದಕ್ಕೆ ಎತ್ತಿದಾಗ ಅದರ ಗುರುತ್ವಕೇಂದ್ರವು ಹಲಗೆಯಿಂದ ದೂರ ಸರಿಯುತ್ತದೆ. ತೂಕ 50 ಕಿಲೋಗ್ರಾಂ, ದೂರ 30 ಸೆಂಟಿಮೀಟರು ಎಂದಿಟ್ಟುಕೊಂಡರೆ ಹಲಗೆಯನ್ನು ಬಾಗಿಸುವ ಟಾರ್ಕು ಸುಮಾರು 147 ನ್ಯೂಟನ್-ಮೀಟರು. ಗುಂಡಿಯಲ್ಲಿಳಿದ ಗಾಡಿ ಪುಟಿಯುವಾಗ ಮೇಲ್ಮುಖ ವೇಗೋತ್ಕರ್ಷವು ಗುರುತ್ವದಷ್ಟಾದರೂ ಸಾಕು, ಅದು ಇಮ್ಮಡಿಸುವುದು. ಎಂಜಿನಿನ ಚಿಕ್ಕ ಚಿಲಕ ಇದಕ್ಕೆಂದು ಮಾಡಿದುದಲ್ಲ.

ಆದುದರಿಂದ ಗಾಡಿಯ ಹಿಂದಿನ ಅಡ್ಡಪಟ್ಟಿಯಿಂದ ಎಂಜಿನಿನ ಕೆಳಭಾಗಕ್ಕೆ ರಬ್ಬರು ತೊಡಿಸಿದ ಆಧಾರದ ಕಂಬಿಯೊಂದನ್ನು ಕೊಟ್ಟು ಬಿಗಿಯುತ್ತೇವೆ. ಭಾರದ ಒಂದು ಪಾಲು ಗಾಡಿಗೆ ಇಳಿಯುತ್ತದೆ. (ಎತ್ತು ಬಿಚ್ಚಿದ ಬಂಡಿಯ ಮೂಕಿಯ ಕೆಳಗೆ ನಿಲ್ಲಿಸುವ ಕೋಲನ್ನು ನೆನೆಯಿರಿ.) ಆದರೆ ದೋಣಿಯೇ ಗಾಡಿಯ ಮೇಲೆ ಕುಲುಕುತ್ತಿದ್ದರೆ ಅದೇ ಕಂಬಿ ಎಂಜಿನನ್ನು ಗುದ್ದುವುದು. ಮೊದಲು ಬಿಗಿಯಬೇಕಾದುದು ದೋಣಿಯ ಹಿಂಬದಿಯನ್ನು.