ಮಂಚದ ಕಂಬಿಯಿಂದ ಆಟಿಕೆಯವರೆಗೆ

ಮಕ್ಕಳೇ, ಕಾಯಿಲೆಯಾದ ಅಜ್ಜಿಯನ್ನೋ ಆಗತಾನೆ ಹುಟ್ಟಿದ ತಂಗಿಯನ್ನೋ ನೋಡಲು ನೀವು ಆಸ್ಪತ್ರೆಗೆ ಹೋಗಿರಬಹುದು. ಅಲ್ಲಿ ಏನೇನು ಮುಟ್ಟಿದಿರಿ? ಬಾಗಿಲ ಹಿಡಿ, ಮಂಚದ ಕಂಬಿ, ಕುರ್ಚಿ, ನಲ್ಲಿ... ಎಲ್ಲವೂ ಶುಚಿಯಾಗಿಯೇ ಕಂಡಿರಬೇಕು. ಆದರೆ ವೈರಸ್ ಕಣ್ಣಿಗೆ ಕಾಣುವುದಿಲ್ಲ. ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರೂ ಕಾಣದಷ್ಟು ಚಿಕ್ಕದು.

ವೈರಸ್ಸಿಗೆ ಕಾಲಿಲ್ಲ, ರೆಕ್ಕೆಯಿಲ್ಲ. ಹಾಗಾದರೆ ಒಂದು ಮಂಚದ ಮೇಲಿದ್ದ ವೈರಸ್ ಇನ್ನೊಂದು ಕೋಣೆಗೆ ಹೋಗುವುದು ಹೇಗೆ?

ಲಂಡನ್ನಿನಲ್ಲಿ ನಡೆದ ಪ್ರಯೋಗ

ಇದನ್ನು ತಿಳಿಯಲು ಲಂಡನ್ನಿನ ಗ್ರೇಟ್ ಆರ್ಮಂಡ್ ಸ್ಟ್ರೀಟ್ ಮಕ್ಕಳ ಆಸ್ಪತ್ರೆಯಲ್ಲಿ ವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಅದರ ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ನಿಜವಾದ ರೋಗಾಣುವನ್ನು ಬಳಸಿದರೆ ಅಪಾಯವಲ್ಲವೇ? ಆದ್ದರಿಂದ ಅವರು ಸಸ್ಯಗಳಿಗೆ ಮಾತ್ರ ತಗಲುವ ಒಂದು ವೈರಸ್ಸಿನ ಡಿ.ಎನ್.ಎ. ತುಣುಕನ್ನು ಕೃತಕವಾಗಿ ತಯಾರಿಸಿದರು. ಇದರಿಂದ ಮನುಷ್ಯರಿಗೆ ರೋಗ ಬರುವುದಿಲ್ಲ. ಅದನ್ನು 1 ಮಿಲಿಲೀಟರ್ ನೀರಿನಲ್ಲಿ ಬೆರೆಸಿ, ಪ್ರತ್ಯೇಕ ಕೋಣೆಯಲ್ಲಿದ್ದ ಒಂದು ಮಂಚದ ಕಂಬಿಗೆ ಹಚ್ಚಿದರು. ಬಳಿಕ ಐದು ದಿನಗಳ ಕಾಲ ವಾರ್ಡಿನ 44 ಜಾಗಗಳನ್ನು ಪರೀಕ್ಷಿಸಿದರು.

ಹತ್ತೇ ಗಂಟೆಗಳಲ್ಲಿ ಶೇಕಡಾ 41ರಷ್ಟು ಜಾಗಗಳಿಗೆ ಆ ಗುರುತು ಹರಡಿತ್ತು! ಬಾಗಿಲ ಹಿಡಿ, ಕುರ್ಚಿಯ ಕೈ, ಮಕ್ಕಳ ಆಟಿಕೆ, ಪುಸ್ತಕ, ಎಲ್ಲೆಡೆ ಅದು ಸಿಕ್ಕಿತು. ಮೂರನೆಯ ದಿನ ಶೇಕಡಾ 59 ಆಯಿತು. ಒಬ್ಬರು ಮುಟ್ಟಿದ್ದನ್ನು ಇನ್ನೊಬ್ಬರು ಮುಟ್ಟುತ್ತಾ ಹೋದಾಗ ಹೀಗಾಗುತ್ತದೆ.

ಒಂದು ಮಾತು ನೆನಪಿಡಿ. ಅಲ್ಲಿ ಹರಡಿದ್ದು ಬರಿಯ ಗುರುತು. ನಿಜವಾದ ವೈರಸ್ ವಸ್ತುಗಳ ಮೇಲೆ ಬೆಳೆಯುವುದಿಲ್ಲ. ಸಮಯ ಕಳೆದಂತೆ ರೋಗ ಹರಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಕೋವಿಡ್ ಮುಖ್ಯವಾಗಿ ಹರಡುವುದು ಗಾಳಿಯ ಮೂಲಕ. ಆದರೆ ವಾಂತಿ ಭೇದಿ ತರುವ ನೋರೋವೈರಸ್ ಕೈ ಮತ್ತು ವಸ್ತುಗಳ ಮೂಲಕ ಸುಲಭವಾಗಿ ಹರಡುತ್ತದೆ.

ಸಾಬೂನು ಏನು ಮಾಡುತ್ತದೆ?

ಕೆಲವು ವೈರಸ್‌ಗಳಿಗೆ ಜಿಡ್ಡಿನ ಹೊದಿಕೆ ಇರುತ್ತದೆ. ಎಣ್ಣೆ ಪಾತ್ರೆಯ ಜಿಡ್ಡನ್ನು ಬಿಡಿಸುವ ಹಾಗೆ ಸಾಬೂನು ಈ ಹೊದಿಕೆಯನ್ನು ಒಡೆಯುತ್ತದೆ. ಆಗ ವೈರಸ್ ನಾಶವಾಗುತ್ತದೆ. ನೋರೋವೈರಸ್ಸಿಗೆ ಈ ಹೊದಿಕೆ ಇಲ್ಲ. ಅದಕ್ಕೆ ಸ್ಯಾನಿಟೈಸರ್ ಸಾಲದು. ಸಾಬೂನು ಹಚ್ಚಿ ಉಜ್ಜಿ, ನೀರಿನಲ್ಲಿ ತೊಳೆದುಬಿಡಬೇಕು.

ಮಾಡಿ ನೋಡಿ

ಶಿಕ್ಷಕರ ಅನುಮತಿ ಪಡೆದು, ತರಗತಿಯ ಬಾಗಿಲ ಚಿಲಕಕ್ಕೆ ಬಣ್ಣದ ಸೀಮೆಸುಣ್ಣದ ಪುಡಿಯನ್ನು ಹಚ್ಚಿ. ಒಂದು ಗಂಟೆಯ ನಂತರ ಬೆಂಚು, ಪುಸ್ತಕ, ಅಂಗಿ, ಕೆನ್ನೆ, ಹೀಗೆ 20 ಜಾಗಗಳನ್ನು ನೋಡಿ. ಎಷ್ಟು ಕಡೆ ಬಣ್ಣವಿದೆ? ಶೇಕಡಾವಾರು ಲೆಕ್ಕ ಹಾಕಿ. ಕೊನೆಗೆ ಎಲ್ಲರೂ ಸಾಬೂನಿನಿಂದ ಕೈ ತೊಳೆಯಿರಿ.

ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಮತ್ತು ಎಳೆಯ ಕೂಸುಗಳಿಗೆ ರೋಗವನ್ನು ಎದುರಿಸುವ ಶಕ್ತಿ ಕಡಿಮೆ. ಆದ್ದರಿಂದ ಆಸ್ಪತ್ರೆಯಿಂದ ಬಂದ ಮೇಲೆ ಕೈ ತೊಳೆದರೆ ಸಾಲದು, ರೋಗಿಯನ್ನು ಮುಟ್ಟುವ ಮೊದಲೂ ತೊಳೆಯಬೇಕು. ಏಕೆಂದು ಈಗ ನೀವೇ ಹೇಳಬಲ್ಲಿರಿ, ಅಲ್ಲವೇ?