ಹಸುವಿನ ಚುಚ್ಚುಮದ್ದು: ಗರ್ಭಿಣಿಯರೇ, ಜೋಪಾನ!

ಹಸು ಬೆದೆಗೆ ಬರದಿದ್ದಾಗ ಪಶುವೈದ್ಯರು ಕೆಲವೊಮ್ಮೆ ಪ್ರೊಸ್ಟಗ್ಲಾಂಡಿನ್ ಚುಚ್ಚುಮದ್ದು ಕೊಡುತ್ತಾರೆ. ಆಗ ಹಸುವನ್ನು ಹಿಡಿದುಕೊಳ್ಳುವುದು, ಖಾಲಿ ಸೀಸೆ ಎತ್ತಿಡುವುದು ಹೆಚ್ಚಾಗಿ ಮನೆಯ ಹೆಂಗಸರೇ. ಅವರಿಗಾಗಿ ಈ ಮಾತು.

ಹಸುವಿನ ಋತುಚಕ್ರ ಸುಮಾರು 21 ದಿನ. ಅಂಡಾಶಯದಿಂದ ಅಂಡ ಹೊರಬಿದ್ದ ಜಾಗದಲ್ಲಿ ಹಳದಿ ಗಂಟೊಂದು ಬೆಳೆಯುತ್ತದೆ. ಅದರ ಜೀವಕೋಶಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಸ್ರವಿಸುತ್ತಿರುವವರೆಗೆ ಹಸು ಬೆದೆಗೆ ಬರದು. ಗರ್ಭ ಕಟ್ಟದಿದ್ದರೆ ಗರ್ಭಕೋಶವೇ ಪ್ರೊಸ್ಟಗ್ಲಾಂಡಿನ್ ಕಳುಹಿಸಿ ಗಂಟನ್ನು ಕರಗಿಸುತ್ತದೆ. ಚುಚ್ಚುಮದ್ದು ಮಾಡುವುದೂ ಇದನ್ನೇ. ಗಬ್ಬದ ಹಸುವಿಗೆ ಕೊಟ್ಟರೆ ಅದು ಕಂದು ಹಾಕಬಹುದು.

ಈ ಔಷಧ ನಮ್ಮ ಚರ್ಮದ ಮೂಲಕವೂ ಒಳಸೇರಬಲ್ಲದು. ಹೆಂಗಸರ ಗರ್ಭಕೋಶವನ್ನು ಹಿಂಡಿ ಗರ್ಭಪಾತಕ್ಕೆ ಕಾರಣವಾಗಬಹುದು. ಶ್ವಾಸನಾಳಗಳನ್ನು ಬಿಗಿದು ಉಬ್ಬಸ ಕೆರಳಿಸಬಹುದು.

ಆದ್ದರಿಂದ ಗರ್ಭಿಣಿಯರು, ಮುಟ್ಟು ನಿಂತು ಅನುಮಾನದಲ್ಲಿರುವವರು, ಆಸ್ತಮಾ ಇರುವವರು ಈ ಸೀಸೆ, ಸಿರಿಂಜುಗಳನ್ನು ಮುಟ್ಟಲೇಬಾರದು. ಉಳಿದವರು ಕೈಗವಸು ತೊಟ್ಟುಕೊಳ್ಳಲಿ. ಔಷಧ ಮೈಗೆ ತಾಗಿದರೆ ತಕ್ಷಣ ಸೋಪು ಹಾಕಿ ತೊಳೆಯಿರಿ. ಸೂಜಿ ಚುಚ್ಚಿದರೆ, ಉಸಿರು ಕಟ್ಟಿದರೆ, ಹೊಟ್ಟೆನೋವು ಅಥವಾ ರಕ್ತಸ್ರಾವ ಕಂಡರೆ ಕೂಡಲೇ ವೈದ್ಯರ ಬಳಿ ಹೋಗಿ, ಔಷಧದ ಹೆಸರು ತಿಳಿಸಿ. ಸಂಕೋಚ ಬೇಡ.